ಕೇಳಿದರೆ ಕೆಡುವ ಚಿತ್ರಗಳು

(ಹವ್ಯಾಸಿ ಛಾಯಾಗ್ರಾಹಕರು ಮತ್ತು ಪ್ರವಾಸಪ್ರಿಯರು ಸೇರಿದ್ದ ಉಡುಪಿಯ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಪ್ರವಾಸ ಮುಗಿಸಿ ಮನೆಗೆ ಬಂದವರ ಮೊಬೈಲಿನಲ್ಲಿ ಯಾರಿಗೂ ತೋರಿಸದ ಕೆಲವು ಚಿತ್ರಗಳು ಉಳಿದಿರುತ್ತವೆ. ಕಾಶಿಯ ಮಣಿಕರ್ಣಿಕಾ ಘಾಟಿನ ಎದುರು, ಬೇಡವೆಂದು ಅಂಬಿಗ ಹೇಳಿದ ಮೇಲೂ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡೇ ತೆಗೆದ ಚಿತೆಯ ಚಿತ್ರ ಅಂಥದ್ದೊಂದು. ವೃಂದಾವನದ ಗಲ್ಲಿಯಲ್ಲಿ ಗೋಡೆಗೆ ಒರಗಿ ಕುಳಿತ ವಿಧವೆಯದ್ದು ಇನ್ನೊಂದು. ಕೋಲ್ಕತ್ತದ ಮಳೆನೀರಿನಲ್ಲಿ ಮೊಣಕಾಲುದ್ದ ಮುಳುಗಿ ಕೈಗಾಡಿ ಎಳೆಯುವ ಮುದುಕನ ಚಿತ್ರವೂ ಹಲವರಲ್ಲಿದೆ. ಚೆನ್ನಾಗಿ ಬಂದಿರುವುದರಿಂದ ಅವುಗಳನ್ನು ಅಳಿಸಲು ಮನಸ್ಸಾಗುವುದಿಲ್ಲ. ತೋರಿಸಹೊರಟರೆ ಕೈ ಹಿಂದೆ ಬರುತ್ತದೆ. ಪರರ ಸಂಕಟವನ್ನು ಸೆರೆಹಿಡಿದು ತಂದೆ ಎಂಬ ಈ ಅಳುಕಿನ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದ್ದಾರೆ. ಅಂಥ ಚಿತ್ರ ತೆಗೆಯುವುದು ಸರಿಯೋ ತಪ್ಪೋ ಎಂಬ ತೀರ್ಪನ್ನು ಹೇಳಲು ನಾನು ಬಂದಿಲ್ಲ. ಆ ಅಳುಕಿನ ಒಳಗೆ ಏನೇನಿದೆ ಎಂದು ಬಿಡಿಸಿ ನೋಡುವುದು ನನ್ನ ಉದ್ದೇಶ. ಪಾಪಪ್ರಜ್ಞೆ ಎಂಬ ದೊಡ್ಡ ಹೆಸರನ್ನು ಅದಕ್ಕೆ ಕೊಟ್ಟುಬಿಟ್ಟರೆ ಈ ಬಿಡಿಸುವ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ. ಅಷ್ಟೇ ಅಲ್ಲ, ಅಳುಕು ಇದ್ದವನು ಒಳ್ಳೆಯವನು ಎಂಬ ಸಣ್ಣ ಸಮಾಧಾನವೂ ಅದರ ಜೊತೆಗೇ ಬಂದು ಕುಳಿತುಕೊಳ್ಳುತ್ತದೆ.

ಕಾಶಿಯವರೆಗೆ ಹೋಗುವುದೂ ಬೇಡ. ಪ್ರತಿ ಮಳೆಗಾಲದಲ್ಲಿ ಜೂನ್ ತಿಂಗಳು ಮುಗಿಯುವ ಹೊತ್ತಿಗೆ ಉಳ್ಳಾಲ, ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯ ದಂಡೆಯಲ್ಲಿ ಕಡಲ್ಕೊರೆತ ಆರಂಭವಾಗುತ್ತದೆ. ಮೊದಲು ತೆಂಗಿನ ಮರಗಳ ಬೇರು ಬಯಲಾಗುತ್ತದೆ, ಆಮೇಲೆ ಮೀನುಗಾರಿಕಾ ರಸ್ತೆಯ ಡಾಮರು ಹಪ್ಪಳದಂತೆ ಮುರಿದು ಬೀಳುತ್ತದೆ, ಕೊನೆಗೆ ಮನೆಯ ಹಿತ್ತಿಲು. ಈ ಸುದ್ದಿ ಪತ್ರಿಕೆಯಲ್ಲಿ ಬಂದ ವಾರದ ಭಾನುವಾರ ಮಂಗಳೂರಿನಿಂದ ಕಾರುಗಳು ಅತ್ತ ಹೊರಡುತ್ತವೆ. ಮಕ್ಕಳಿಗೆ ಜೋಳ ಕೊಡಿಸಿ, ಕೊಡೆ ಹಿಡಿದು ನಿಂತು, ಕಲ್ಲುಗಳ ಮೇಲೆ ತೆರೆ ಸಿಡಿಯುವುದನ್ನೂ ಆ ತೆರೆಯ ಹಿಂದೆ ಅರ್ಧ ಗೋಡೆ ಉಳಿದ ಮನೆಯನ್ನೂ ಒಂದೇ ಚೌಕಟ್ಟಿಗೆ ತರುವ ಪ್ರಯತ್ನ ನಡೆಯುತ್ತದೆ. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಕಡಲು ಉಗ್ರವಾದಾಗ ನೋಡಲು ಹೋಗುವುದು ಕರಾವಳಿಯ ಹಳೆಯ ಅಭ್ಯಾಸ, ನಮ್ಮ ಅಜ್ಜಂದಿರೂ ಹೋಗುತ್ತಿದ್ದರು.

ಒಂದು ಮಳೆಗಾಲದಲ್ಲಿ ಆ ದಂಡೆಯಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಾಲಾಗಿ ನಿಂತಿದ್ದ ಹತ್ತಾರು ಜನರಲ್ಲಿ ಒಬ್ಬ ಕಾಲೇಜು ಹುಡುಗ ಮಾತ್ರ ಮನೆಯ ಹತ್ತಿರ ಹೋಗಿ, ಅಂಗಳದಲ್ಲಿದ್ದ ಹೆಂಗಸಿನ ಬಳಿ ‘ಫೋಟೊ ದೆಪ್ಪೊಲಿಯಾ?’ (ಫೋಟೊ ತೆಗೆಯಬಹುದೇ?) ಎಂದು ತುಳುವಿನಲ್ಲಿ ಕೇಳಿದ. ಆಕೆ ಬೈಯಬಹುದೆಂದು ನಾನು ಎಣಿಸಿದ್ದೆ. ಆಕೆ ಅವನನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಬಾವಿಯ ಕಟ್ಟೆ ಕುಸಿದಿರುವುದನ್ನು, ಅಡುಗೆಮನೆಯ ಮೂಲೆಯಿಂದ ಮಾಡಿನವರೆಗೆ ಓಡಿದ ಬಿರುಕನ್ನು, ಹಿಂದಿನ ವರ್ಷ ತಂದು ಸುರಿದ ಕರಿಕಲ್ಲುಗಳು ಎಲ್ಲಿಗೆ ಬಂದು ನಿಂತುಹೋಗಿವೆ ಎಂಬುದನ್ನು ಒಂದೊಂದಾಗಿ ತೋರಿಸಿದರು. ಮನೆ ನಂಬರಿನ ತಗಡು ಕಾಣುವ ಹಾಗೆ ಒಂದು ತೆಗೆಯಬೇಕು, ವಿದ್ಯುತ್ ಮೀಟರ್ ಕೂಡ ಅದರಲ್ಲಿ ಬರಬೇಕು ಎಂದರು. ಪರಿಹಾರದ ಅರ್ಜಿಗೆ ಅದು ಬೇಕಾಗಿತ್ತು. ಮಗ ಗಲ್ಫಿನಲ್ಲಿದ್ದುದರಿಂದ ಅವನ ನಂಬರಿಗೆ ವಾಟ್ಸ್ಯಾಪ್ ಮಾಡಿಸಿಕೊಂಡರು. ಹುಡುಗ ತೆಗೆದ ಆ ಚಿತ್ರಗಳು ನಮ್ಮ ಕಣ್ಣಿಗೆ ತೀರ ಸಪ್ಪೆ: ನೆತ್ತಿಯ ಮೇಲಿನ ಮಂಕು ಬೆಳಕು, ಮಧ್ಯದಲ್ಲಿ ಒಂದು ತಗಡು. ರಸ್ತೆಯಲ್ಲೇ ನಿಂತಿದ್ದವರ ಚಿತ್ರಗಳು ಖಂಡಿತವಾಗಿಯೂ ಅದಕ್ಕಿಂತ ಸೊಗಸಾಗಿ ಬಂದಿರಬೇಕು. ಅವರಲ್ಲಿ ಒಂದಿಬ್ಬರು ಕಾರು ಹತ್ತುವಾಗ ‘ಪಾಪ, ಮನಸ್ಸಿಗೆ ಹೇಗೋ ಆಯಿತು’ ಎನ್ನುತ್ತಿದ್ದರು.

ಆ ‘ಹೇಗೋ ಆಯಿತು’ ಎಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದು ನಿಜವಾದ ಸಂಕಟವೇ. ಆದರೆ ಆ ಸಂಕಟದಲ್ಲಿ ಅಂಗಳದ ಹೆಂಗಸಿಗೆ ಮಾಡಲು ಯಾವ ಕೆಲಸವೂ ಇಲ್ಲ. ಆಕೆ ಸುಮ್ಮನೆ ನಿಂತು ಕರುಣೆಗೆ ಪಾತ್ರಳಾಗಬೇಕು, ಅಷ್ಟೆ. ಆ ಚಿತ್ರದಿಂದ ಆಕೆಗೆ ಒಂದು ಉಪಯೋಗ ಇರಬಹುದು, ಅಥವಾ ಬೇಡವೆನ್ನಲು ಆಕೆಗೆ ತನ್ನದೇ ಕಾರಣ ಇರಬಹುದು ಎಂಬ ಯೋಚನೆ ಆ ಅಳುಕಿನ ಹತ್ತಿರ ಸುಳಿಯುವುದಿಲ್ಲ. ನಾವು ಒಬ್ಬರೇ ಕುಳಿತು, ನಮ್ಮೊಳಗೇ ವಾದಿಯೂ ಪ್ರತಿವಾದಿಯೂ ಆಗಿ, ನಮಗೇ ಶಿಕ್ಷೆಯನ್ನೋ ಕ್ಷಮೆಯನ್ನೋ ಕೊಟ್ಟುಕೊಳ್ಳುತ್ತೇವೆ. ಚಿತ್ರದಲ್ಲಿರುವ ವ್ಯಕ್ತಿಯನ್ನು ಸಾಕ್ಷಿಯಾಗಿಯೂ ಕರೆಯುವುದಿಲ್ಲ.

ಹಾಗಾದರೆ ಕೇಳಲು ನಮಗೆ ಅಡ್ಡಿಯೇನು? ಭಾಷೆ ಬಾರದು, ಸಮಯವಿಲ್ಲ, ಬಸ್ಸು ಹೊರಡುತ್ತದೆ ಎಂದೆಲ್ಲ ಹೇಳುತ್ತೇವೆ. ಕ್ಯಾಮೆರಾ ಹಿಡಿದು ತಿರುಗುವ ನೀವೆಲ್ಲ ಒಪ್ಪುವ ಇನ್ನೊಂದು ಕಾರಣವಿದೆ: ಕೇಳಿದರೆ ಚಿತ್ರ ಕೆಡುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಜೋಡುಪಾಲದ ಕಡೆಯ ಜನರನ್ನು ಸುಳ್ಯ ತಾಲೂಕಿನ ಕಲ್ಲುಗುಂಡಿಯಂಥ ಕಡೆಗಳ ಗಂಜಿ ಕೇಂದ್ರಗಳಿಗೆ ತಂದರು. ಅಕ್ಕಿ ಮತ್ತು ಹೊದಿಕೆಗಳನ್ನು ತಂದವರ ಜೊತೆಗೆ ಕ್ಯಾಮೆರಾಗಳೂ ಬಂದವು. ಅಂಥ ಒಂದು ಕೇಂದ್ರದಲ್ಲಿ ನಾನು ಗಮನಿಸಿದ್ದು ಇದು: ಶಾಲೆಯ ಬೆಂಚಿನ ಮೇಲೆ ಮಗುವನ್ನು ಮಲಗಿಸಿಕೊಂಡು ಶೂನ್ಯದತ್ತ ನೋಡುತ್ತಿದ್ದ ಒಬ್ಬ ಹೆಂಗಸು, ಚಿತ್ರ ತೆಗೆಯಬಹುದೇ ಎಂದು ಕೇಳಿದ ಕೂಡಲೇ ಎದ್ದು ಕುಳಿತಳು, ಯಾರೋ ಕೊಟ್ಟಿದ್ದ ಸೀರೆಯ ಸೆರಗನ್ನು ಸರಿಮಾಡಿಕೊಂಡಳು, ಮಗುವನ್ನು ಎಬ್ಬಿಸಿ ಬೆರಳಿನಿಂದಲೇ ಅದರ ಕೂದಲು ಬಾಚಿದಳು, ಆಮೇಲೆ ಮದುವೆ ಮನೆಯ ಗುಂಪುಚಿತ್ರಕ್ಕೆ ನಿಂತವರಂತೆ ನೆಟ್ಟಗೆ ನೋಡಿದಳು. ಕೇಳಿದವರ ಮುಖ ಬಾಡಿತು. ಅವರಿಗೆ ಬೇಕಾಗಿದ್ದುದು ಒಂದು ನಿಮಿಷದ ಹಿಂದಿನ ಹೆಂಗಸು.

ಛಾಯಾಚಿತ್ರ ಸ್ಪರ್ಧೆಗಳಲ್ಲಿ ನಾವು ‘ಸಹಜತೆ’ ಎಂದು ಹೊಗಳುವುದು ಬಹುಮಟ್ಟಿಗೆ ಆ ಹಿಂದಿನ ನಿಮಿಷವನ್ನು. ಮನುಷ್ಯರು ತಮ್ಮನ್ನು ಯಾರೂ ನೋಡುತ್ತಿಲ್ಲವೆಂದು ಭಾವಿಸಿದಾಗಿನ ಮುಖ ನಮಗೆ ಸತ್ಯ, ನೋಡುತ್ತಿದ್ದಾರೆಂದು ತಿಳಿದು ಸೆರಗು ಸರಿಮಾಡಿಕೊಂಡಾಗಿನ ಮುಖ ನಮಗೆ ನಟನೆ. ಮನೆ, ತೋಟ, ಪಾತ್ರೆ ಪಗಡಿ ಎಲ್ಲವನ್ನೂ ಕಳೆದುಕೊಂಡ ಹೆಂಗಸು ಮಗುವಿನ ತಲೆ ಬಾಚಿ ಕುಳಿತದ್ದಕ್ಕಿಂತ ಹೆಚ್ಚು ಸತ್ಯವಾದದ್ದು ಅಂದು ಆ ಕೋಣೆಯಲ್ಲಿ ಏನಿತ್ತೆಂದು ನನಗೆ ತಿಳಿಯದು. ನಮ್ಮ ಅಳುಕಿನ ಒಂದು ಭಾಗ ಇಲ್ಲಿಂದ ಬರುತ್ತದೆಂದು ನಾನು ಭಾವಿಸುತ್ತೇನೆ: ಅವರು ಸ್ವತಃ ಕೊಡುತ್ತಿದ್ದ ಚಿತ್ರವನ್ನು ಬಿಟ್ಟು, ಕೊಡಲು ಒಪ್ಪದಿದ್ದ ಇನ್ನೊಂದನ್ನು ನಾವು ಎತ್ತಿಕೊಂಡು ಬಂದಿರುತ್ತೇವೆ.

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಚಾಳಿಯೇನಲ್ಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಹಿಂಡಿದ ಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ಸಂವತ್ಸರದ ಹೆಸರಿನಿಂದ ನೆನೆಯುತ್ತಿದ್ದರು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಹೂಪರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಎಲುಬುಗೂಡಾದ ಜನರನ್ನು ಗುಂಪುಗುಂಪಾಗಿ ಕೂರಿಸಿ ಚಿತ್ರ ತೆಗೆದ. ಚಿತ್ರ ತೆಗೆದ ಬಳಿಕ ಅವರಿಗೆ ಅನ್ನ ಕೊಡದೆ ಹಿಂದಕ್ಕೆ ಕಳುಹಿಸಿದನೆಂಬ ಆರೋಪ ಅವನಿಗೆ ಅಂಟಿಕೊಂಡಿತು. ಆ ಬರದ ಭೀಕರತೆಗೆ ಇಂದು ನಮಗಿರುವ ಮುಖ್ಯ ದೃಶ್ಯಸಾಕ್ಷ್ಯವೂ ಅವೇ ಚಿತ್ರಗಳು. ಎರಡೂ ಮಾತುಗಳನ್ನು ಒಟ್ಟಿಗೇ ಹೇಳಬೇಕಾಗುತ್ತದೆ.

ಇನ್ನೊಂದು ಪ್ರಸಂಗದ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅದರಲ್ಲಿ ಚಿತ್ರ ತೆಗೆಸಿಕೊಂಡವರ ಮಾತೂ ಉಳಿದಿದೆ. 1936ರ ಮಾರ್ಚ್‌ನಲ್ಲಿ ಅಮೆರಿಕದ ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಸರ್ಕಾರದ ಕೆಲಸದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಪ್ರಯಾಣ ಮಾಡುತ್ತಿದ್ದರು. ಬಟಾಣಿ ಕೀಳುವ ಕೂಲಿಗಳ ಬಿಡಾರವಿದೆ ಎಂಬ ಫಲಕ ಕಂಡರೂ ದಾಟಿಹೋಗಿ, ಸುಮಾರು ಇಪ್ಪತ್ತು ಮೈಲಿ ಹೋದ ಮೇಲೆ ಮನಸ್ಸು ತಡೆಯದೆ ಹಿಂದಿರುಗಿದರು. ಹರಿದ ಡೇರೆಯಲ್ಲಿ ಮಕ್ಕಳೊಂದಿಗೆ ಕುಳಿತಿದ್ದ ಮೂವತ್ತೆರಡು ವರ್ಷದ ತಾಯಿಯ ಕೆಲವು ಚಿತ್ರಗಳನ್ನು ತೆಗೆದು ಹೊರಟುಹೋದರು. ಅವುಗಳಲ್ಲಿ ಒಂದು ಜಗತ್ತಿನ ಅತ್ಯಂತ ಪ್ರಸಿದ್ಧ ಛಾಯಾಚಿತ್ರಗಳ ಸಾಲಿಗೆ ಸೇರಿತು. ಸುದ್ದಿ ಅಚ್ಚಾದ ಕೂಡಲೇ ಆ ಬಿಡಾರಕ್ಕೆ ಇಪ್ಪತ್ತು ಸಾವಿರ ಪೌಂಡು ಆಹಾರ ಬಂತು. ಅಷ್ಟರಲ್ಲಿ ಆ ತಾಯಿಯ ಕುಟುಂಬ ಅಲ್ಲಿಂದ ಹೊರಟುಹೋಗಿತ್ತು. ಲ್ಯಾಂಗ್ ಆಕೆಯ ಹೆಸರನ್ನು ಕೇಳಿರಲಿಲ್ಲ. ಕಾರಿನ ಟೈರುಗಳನ್ನು ಮಾರಿ ಹೊಟ್ಟೆ ಹೊರೆದಿದ್ದಾರೆಂದು ಅವರು ಬರೆದದ್ದನ್ನು ಕುಟುಂಬ ಮುಂದೆ ನಿರಾಕರಿಸಿತು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆಕೆಯ ಹೆಸರು ಹೊರಗೆ ಬಂದದ್ದು 1978ರಲ್ಲಿ, ನಲವತ್ತೆರಡು ವರ್ಷಗಳ ಬಳಿಕ. ಆಗ ಆಕೆ ಹೇಳಿಕೊಂಡ ದೂರುಗಳು ಬಹಳ ಸರಳವಾಗಿವೆ: ಚಿತ್ರವನ್ನು ಮಾರುವುದಿಲ್ಲ ಎಂದಿದ್ದರು, ಒಂದು ಪ್ರತಿ ಕಳುಹಿಸುತ್ತೇನೆ ಎಂದಿದ್ದರು, ಕಳುಹಿಸಲಿಲ್ಲ. ಲ್ಯಾಂಗ್‌ಗೆ ನ್ಯಾಯ ಸಲ್ಲಬೇಕಾದರೆ, ಚಿತ್ರ ಸರ್ಕಾರದ ಸ್ವತ್ತಾಗಿತ್ತು, ಅದರ ಪ್ರಕಟಣೆಯಿಂದ ಅವರಿಗೂ ಗೌರವಧನ ಬರುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. 1983ರಲ್ಲಿ ಥಾಂಪ್ಸನ್ ಕಾಯಿಲೆ ಬಿದ್ದಾಗ ಮಕ್ಕಳು ಸಾರ್ವಜನಿಕರ ನೆರವು ಕೇಳಿದರು. ಚಿತ್ರದ ತಾಯಿ ಈಕೆಯೇ ಎಂದು ತಿಳಿದವರು ಮೂವತ್ತು ಸಾವಿರ ಡಾಲರಿಗೂ ಮಿಕ್ಕಿ ಕಳುಹಿಸಿದರು. ಆಕೆ ಅದೇ ವರ್ಷ ತೀರಿಕೊಂಡರು.

ಆ ದೂರುಗಳನ್ನು ಇನ್ನೊಮ್ಮೆ ನೋಡಿ. ನನ್ನ ಬಡತನವನ್ನು ಜಗತ್ತಿಗೆ ತೋರಿಸಿದರಲ್ಲ ಎಂಬ ನೋವು ಆ ಕುಟುಂಬಕ್ಕೆ ಇತ್ತು, ಸಂದೇಹವಿಲ್ಲ. ಅದರ ಜೊತೆಗೇ ಒಂದು ಪ್ರತಿ, ಒಂದು ಮಾತು, ಸರಿಯಾದ ವಿವರ ಎಂಬ ಲೆಕ್ಕವೂ ಇದೆ. ಅದು ತೀರಿಸಬಹುದಾಗಿದ್ದ ಸಾಲ. ಅಸ್ಪಷ್ಟವಾದ ಪಾಪಪ್ರಜ್ಞೆಯನ್ನು ಹೊತ್ತು ತಿರುಗುವುದು ಒಂದು ಲೆಕ್ಕದಲ್ಲಿ ಸುಲಭ, ಏಕೆಂದರೆ ಅದನ್ನು ಯಾರಿಗೂ ಸಲ್ಲಿಸಬೇಕಾಗಿಲ್ಲ. ಪ್ರತಿಯನ್ನು ಕಳುಹಿಸಬೇಕಾದರೆ ವಿಳಾಸ ಕೇಳಬೇಕು.

ಈ ವಿಷಯ ಎತ್ತಿದ ಕೂಡಲೇ ಯಾರಾದರೂ ರಣಹದ್ದು ಮತ್ತು ಮಗುವಿನ ಚಿತ್ರದ ಕಥೆಯನ್ನು ಹೇಳಿಯೇ ಹೇಳುತ್ತಾರೆ. ವಾಟ್ಸ್ಯಾಪಿನಲ್ಲಿ ಓಡಾಡುವ ರೂಪದಲ್ಲಿ, ಸಾಯುತ್ತಿರುವ ಮಗುವನ್ನು ಬಿಟ್ಟು ಚಿತ್ರ ತೆಗೆದ ಛಾಯಾಗ್ರಾಹಕ ಪ್ರಶಸ್ತಿ ಪಡೆದು, ಪಶ್ಚಾತ್ತಾಪದಿಂದ ಪ್ರಾಣ ಕಳೆದುಕೊಳ್ಳುತ್ತಾನೆ. ನಡೆದದ್ದು ಅಷ್ಟು ಅಚ್ಚುಕಟ್ಟಾಗಿಲ್ಲ. ದಕ್ಷಿಣ ಆಫ್ರಿಕಾದ ಕೆವಿನ್ ಕಾರ್ಟರ್ ಆ ಚಿತ್ರವನ್ನು 1993ರ ಮಾರ್ಚ್‌ನಲ್ಲಿ ಸುಡಾನಿನ ಅಯೋದ್ ಎಂಬಲ್ಲಿ ತೆಗೆದರು. ಹತ್ತಿರದಲ್ಲೇ ಆಹಾರ ವಿತರಣೆ ನಡೆಯುತ್ತಿತ್ತು. ಚಿತ್ರ ತೆಗೆದ ಬಳಿಕ ಅವರು ಹದ್ದನ್ನು ಓಡಿಸಿದರು. 2011ರಲ್ಲಿ ಸ್ಪೇನಿನ ಪತ್ರಿಕೆಯೊಂದು ಆ ಹಳ್ಳಿಗೆ ಹೋಗಿ ವಿಚಾರಿಸಿದಾಗ, ಆ ಮಗು ಅಂದು ಬದುಕಿ ಉಳಿದು ಬೆಳೆದು ದೊಡ್ಡವನಾಗಿದ್ದನೆಂದು ತಂದೆಯೇ ಹೇಳಿದರು. ಕಾರ್ಟರ್ 1994ರ ಜುಲೈಯಲ್ಲಿ ಆತ್ಮಹತ್ಯೆ ಮಾಡಿಕೊಂಡದ್ದು ನಿಜ. ಅವರು ಬರೆದಿಟ್ಟ ಪತ್ರದಲ್ಲಿ ಹಣದ ಮುಗ್ಗಟ್ಟು, ಕಣ್ಣಾರೆ ಕಂಡ ಕೊಲೆಗಳ ನೆನಪು, ಕೆಲವೇ ತಿಂಗಳ ಹಿಂದೆ ಗುಂಡಿಗೆ ಬಲಿಯಾಗಿದ್ದ ಸಹೋದ್ಯೋಗಿ ಗೆಳೆಯನ ಪ್ರಸ್ತಾಪ ಇವೆಲ್ಲ ಇದ್ದವು. ಇಷ್ಟೆಲ್ಲ ಇದ್ದರೂ ನಮಗೆ ನೀತಿಕಥೆಯೇ ಪ್ರಿಯವಾಗಲು ಕಾರಣವಿದೆ. ಸತ್ತುಹೋದ ದೂರದ ಒಬ್ಬನ ಮೇಲೆ ಎಲ್ಲ ತಪ್ಪನ್ನು ಹೊರಿಸಿದರೆ, ಅದೇ ಚಿತ್ರವನ್ನು ಅದೇ ಕ್ಷಣದಲ್ಲಿ ಇನ್ನೂರು ಜನರಿಗೆ ಕಳುಹಿಸುತ್ತಿರುವ ನಮ್ಮ ಬೆರಳಿನ ಕಡೆಗೆ ಗಮನ ಹೋಗುವುದಿಲ್ಲ.

ಪತ್ರಕರ್ತರ ಉದಾಹರಣೆಗಳನ್ನು ಪ್ರವಾಸಿಗರಾದ ನಮಗೆ ನೇರವಾಗಿ ಅನ್ವಯಿಸಿಕೊಳ್ಳುವುದರಲ್ಲೂ ಒಂದು ತೊಡಕಿದೆ. ‘ಜನರಿಗೆ ತಿಳಿಯಲಿ ಎಂದು ತೆಗೆದೆ’ ಎಂಬ ಸಮರ್ಥನೆಯನ್ನು ನಾವು ಅವರಿಂದ ಎರವಲು ಪಡೆಯುತ್ತೇವೆ. ಈ ಮಾತನ್ನು ಆಡುವ ಹಕ್ಕು ಯಾರಿಗಿದೆ ಎಂದು ತಿಳಿಯಲು ನಮ್ಮ ನೆರೆಯ ಎಂಡೋಸಲ್ಫಾನ್ ಪ್ರಕರಣವನ್ನೇ ನೋಡಬಹುದು. ಕಾಸರಗೋಡಿನ ಗೇರು ತೋಟಗಳ ಮೇಲೆ, ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಮುತ್ತಲಿನ ತೋಟಗಳ ಮೇಲೆ, ಎರಡು ದಶಕಗಳಷ್ಟು ಕಾಲ ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ಸುರಿದರು. ವಾಣೀನಗರದ ಪತ್ರಕರ್ತ ಶ್ರೀ ಪಡ್ರೆಯವರು ಅಂಗವೈಕಲ್ಯದಿಂದ ಹುಟ್ಟುತ್ತಿದ್ದ ಕರುಗಳ ಬಗ್ಗೆ 1979ರಷ್ಟು ಹಿಂದೆಯೇ ಬರೆದರು. ಅದೇ ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿಗೆ ಬರುತ್ತಿದ್ದ ರೋಗಿಗಳನ್ನು ಕಂಡು ಸಂಶಯಪಟ್ಟು ವಿಷಯವನ್ನು ಬೆನ್ನತ್ತಿದರು. ಮಲಯಾಳದ ಪತ್ರಿಕಾ ಛಾಯಾಗ್ರಾಹಕ ಮಧುರಾಜ್ ಅವರ ಚಿತ್ರಗಳು ಆ ತೋಟಗಳ ಸುತ್ತ ಕಾಯಿಲೆಯಿಂದ ನರಳುತ್ತಿದ್ದ ಮಕ್ಕಳ ಸ್ಥಿತಿಯನ್ನು ಕೇರಳದ ಮನೆಮನೆಗೆ ತಲುಪಿಸಿದವು. 2011ರ ಏಪ್ರಿಲ್‌ನಲ್ಲಿ ದೀರ್ಘಕಾಲ ಉಳಿಯುವ ವಿಷ ರಾಸಾಯನಿಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧಿತ ಪಟ್ಟಿಗೆ ಸೇರಿಸಿದವು, ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದರ ತಯಾರಿ ಮತ್ತು ಮಾರಾಟವನ್ನು ತಡೆಯಿತು. ಆ ದಾರಿಯಲ್ಲಿ ಚಿತ್ರಗಳ ಪಾತ್ರ ಸಣ್ಣದಲ್ಲ.

ಆದರೆ ಆ ಚಿತ್ರಗಳು ಒಂಟಿಯಾಗಿ ಕೆಲಸ ಮಾಡಲಿಲ್ಲ. ಅವುಗಳ ಹಿಂದೆ ರೋಗಿಗಳ ದಾಖಲೆಯಿತ್ತು, ಊರವರ ಹೋರಾಟವಿತ್ತು, ವರ್ಷಗಟ್ಟಲೆ ಅದೇ ಮನೆಗಳಿಗೆ ಮತ್ತೆ ಮತ್ತೆ ಹೋದ ಕಾಲುಗಳಿದ್ದವು. ಹೆಸರು ಕೆಟ್ಟ ಊರಾದ ಮೇಲೆ ಬಂದ ಇನ್ನೊಂದು ಬಗೆಯ ಭೇಟಿಗಳೂ ಇದ್ದವು: ಅಧ್ಯಯನ ಪ್ರವಾಸವೆಂದು ವ್ಯಾನು ತುಂಬ ಬಂದು, ಚಾವಡಿಯಲ್ಲಿ ಮಲಗಿರುವ ಮಗುವಿನ ಹೊದಿಕೆ ಸರಿಸಲು ತಾಯಿಗೆ ಹೇಳಿ, ಚಿತ್ರ ತೆಗೆದುಕೊಂಡು, ಮುಂದಿನ ಮನೆಯ ದಾರಿ ಕೇಳುವ ಭೇಟಿಗಳು. ತಾಯಂದಿರು ಮೊದಮೊದಲು ತೋರಿಸಿದರು, ಇದರಿಂದ ಏನಾದರೂ ಆಗಬಹುದೆಂಬ ಆಸೆಯಿಂದ. ಕ್ರಮೇಣ ಬಾಗಿಲು ಹಾಕಿಕೊಂಡರು. ಮೇಲ್ನೋಟಕ್ಕೆ ಎರಡೂ ಬಗೆಯವರ ಚಿತ್ರಗಳಲ್ಲಿ ವ್ಯತ್ಯಾಸ ಕಾಣದಿರಬಹುದು, ಅದೇ ಮಗು, ಅದೇ ಚಾವಡಿ. ತಿಳಿಯಲಿ ಎಂದು ತೆಗೆದೆ ಎನ್ನುವವರಿಗೆ ನಾನು ಕೇಳುವುದಿಷ್ಟೇ: ಯಾರಿಗೆ ತಿಳಿಯಿತು, ತಿಳಿದವರು ಏನು ಮಾಡಿದರು, ಆ ಸುದ್ದಿಯನ್ನು ಆ ಮನೆಗೆ ಮರಳಿ ಮುಟ್ಟಿಸಿದಿರಾ?

ಕ್ಯಾಮೆರಾದ ಇನ್ನೊಂದು ಬದಿಯಲ್ಲಿ ನಿಲ್ಲುವುದು ಹೇಗಿರುತ್ತದೆಂದು ಮಂಗಳೂರಿನವರಿಗೆ ಗೊತ್ತು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಉರುಳಿತು. 158 ಜನ ತೀರಿಕೊಂಡರು, 8 ಮಂದಿ ಬದುಕಿದರು. ಸುತ್ತಲಿನ ಊರವರು ಹೊಗೆಯೊಳಗೆ ಇಳಿದು ಹೆಣಗಳನ್ನು ಮೇಲಕ್ಕೆ ಹೊತ್ತರು; ಬರಿದೇ ನೋಡಲು ಬಂದವರಿಂದ ಆ ಇಕ್ಕಟ್ಟಿನ ದಾರಿಗಳು ತುಂಬಿಹೋದವು. ಆಗ ಇಷ್ಟು ಮೊಬೈಲುಗಳಿರಲಿಲ್ಲ, ಆದರೂ ಸುಟ್ಟ ದೇಹಗಳ ಚಿತ್ರಗಳು ಕೈಯಿಂದ ಕೈಗೆ ಬಂದವು. ಗಲ್ಫಿಗೆ ಮಕ್ಕಳನ್ನು ಕಳುಹಿಸಿದ ಪ್ರತಿಯೊಂದು ಮನೆಯೂ ಆ ದಿನ ಆ ಚಿತ್ರಗಳನ್ನು ಬೇರೆಯೇ ಕಣ್ಣಿನಿಂದ ನೋಡಿತು. ಇದೇ ಕರಾವಳಿಯವರಾದ ನಾವು 2024ರಲ್ಲಿ ಶಿರೂರಿನ ಬಳಿ ಕಾರು ನಿಲ್ಲಿಸಿದೆವು. ಅಂಕೋಲಾದ ಆ ಶಿರೂರಿನಲ್ಲಿ ಜುಲೈ 16ರಂದು ಗುಡ್ಡ ಜರಿದು ಹೆದ್ದಾರಿ ಬದಿಯ ಚಹಾದಂಗಡಿಯ ಕುಟುಂಬವೂ ಲಾರಿ ಚಾಲಕರೂ ಮಣ್ಣಿನಡಿ, ಗಂಗಾವಳಿಯ ನೀರಿನಡಿ ಸೇರಿದರು. ಒಬ್ಬ ಚಾಲಕನ ದೇಹ ಸಿಗಲು ಎರಡು ತಿಂಗಳಿಗೂ ಹೆಚ್ಚು ಬೇಕಾಯಿತು. ಕಾರವಾರಕ್ಕೆ ಹೋಗುವ ದಾರಿಯಲ್ಲೇ ಇದೆಯೆಂದು ಅಲ್ಲಿ ಇಳಿದು ಸೆಲ್ಫಿ ತೆಗೆದುಕೊಂಡವರು ಈ ಊರಿನಲ್ಲೂ ಇದ್ದಾರೆ. ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಕೊಚ್ಚಿಹೋದಾಗ, ದುರಂತ ನೋಡಲು ಬಂದು ರಕ್ಷಣಾ ಕಾರ್ಯಕ್ಕೆ ಅಡ್ಡಿಯಾಗಬೇಡಿ ಎಂದು ಕೇರಳ ಪೊಲೀಸರು ಬಹಿರಂಗವಾಗಿ ಬೇಡಿಕೊಳ್ಳಬೇಕಾಯಿತು. ಇಲ್ಲಿ ಅಳುಕಿನ ಸೂಕ್ಷ್ಮಗಳನ್ನು ಚರ್ಚಿಸುವ ಅಗತ್ಯವೇ ಇಲ್ಲ. ಆ ಹೊತ್ತಿನಲ್ಲಿ ದಾರಿ ಬಿಡುವುದೊಂದೇ ನಮ್ಮ ಕೆಲಸ.

ಕಾನೂನಿನ ಬಗ್ಗೆ ಎರಡು ಮಾತು ಸಾಕು. ಅಪರಾಧಕ್ಕೆ ತುತ್ತಾದ ಅಥವಾ ಆಶ್ರಯವಿಲ್ಲದ ಮಕ್ಕಳ ಗುರುತು ತಿಳಿಯುವಂಥ ಚಿತ್ರವನ್ನು ಮಾಧ್ಯಮದಲ್ಲಿ ಪ್ರಕಟಿಸುವುದನ್ನು ನಮ್ಮ ಬಾಲನ್ಯಾಯ ಕಾಯ್ದೆಯ 74ನೇ ಕಲಮು ತಡೆಯುತ್ತದೆ. ಅಂಡಮಾನಿನಲ್ಲಿ ಜಾರವಾ ಬುಡಕಟ್ಟಿನ ಜನರ ಚಿತ್ರ ತೆಗೆಯುವುದು ಶಿಕ್ಷಾರ್ಹ ಅಪರಾಧ. ಜರ್ಮನಿಯಲ್ಲಿ 2021ರ ಆರಂಭದಿಂದ, ಸತ್ತವರನ್ನು ಅವಮಾನಿಸುವಂಥ ಚಿತ್ರಗಳನ್ನು ಅಪಘಾತದ ಸ್ಥಳದಲ್ಲಿ ತೆಗೆದವರಿಗೆ ಎರಡು ವರ್ಷದವರೆಗೆ ಜೈಲಾಗಬಹುದು. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಓಡಾಡುವ ನೀವು ತಿಳಿದಿರಬೇಕಾದದ್ದು ಇನ್ನೊಂದಿದೆ: ಅಪಘಾತಕ್ಕೊಳಗಾದವರಿಗೆ ನೆರವಾದವರನ್ನು ಪೊಲೀಸರು ಪೀಡಿಸುವಂತಿಲ್ಲ ಎಂದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮು ಮತ್ತು ಅದರಡಿ ಮಾಡಿದ ನಿಯಮಗಳು ಹೇಳುತ್ತವೆ. ಕೋರ್ಟು ಕಚೇರಿ ಅಲೆಯಬೇಕಾದೀತೆಂಬ ಹೆದರಿಕೆಯಿಂದ ದೂರ ನಿಂತು ವೀಡಿಯೊ ಮಾಡುವವರಿಗೆ ಆ ನೆಪ ಈಗ ಉಳಿದಿಲ್ಲ.

ದುಡ್ಡು ಕೊಟ್ಟು ತೆಗೆದರೆ ಆಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಚಿತ್ರಕ್ಕೆ ಇಷ್ಟೆಂದು ದರ ನಿಗದಿಯಾದ ಜಾಗಗಳನ್ನು ನೀವೂ ನೋಡಿದ್ದೀರಿ. ಅಲ್ಲಿ ಬಡತನಕ್ಕೆ ವೇಷ ಹಾಕಿಸುವ ಕೆಲಸ ಶುರುವಾಗುತ್ತದೆ, ಶಾಲೆಗೆ ಹೋಗಬೇಕಾದ ಮಗುವಿಗೆ ಹರಕಲು ಅಂಗಿ ತೊಡಿಸಿ ನಿಲ್ಲಿಸುವವರೆಗೂ ಅದು ಹೋಗುತ್ತದೆ. ನನಗೆ ಹಿಡಿಸುವುದು ಅಚ್ಚು ಹಾಕಿಸಿದ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸುವ ಕ್ರಮ. ಹಣಕ್ಕೆ ಹೋಲಿಸಿದರೆ ಅದು ಬಹಳ ಕಡಿಮೆ, ಆದರೆ ವಿಳಾಸ ಬರೆದುಕೊಳ್ಳುವ ಐದು ನಿಮಿಷದಲ್ಲಿ ಅವರ ಹೆಸರು, ಊರು, ಹುಡುಕಿಕೊಂಡು ಬರಬೇಕಾದ ಅಂಗಡಿಯ ಗುರುತು, ನಮ್ಮ ಬಗ್ಗೆ ಅವರು ಕೇಳುವ ನಾಲ್ಕು ಪ್ರಶ್ನೆಗಳು ಎಲ್ಲ ನಡೆದುಹೋಗುತ್ತವೆ. ಪಂಢರಪುರದಲ್ಲಿ ಚಂದ್ರಭಾಗಾ ನದಿಯ ಮರಳಿನ ಮೇಲೆ ಕುಳಿತಿದ್ದ ಒಬ್ಬ ವೃದ್ಧರು, ತೆಗೆದ ಚಿತ್ರವನ್ನು ಪರದೆಯ ಮೇಲೆ ನೋಡಿ ಬೇಡವೆಂದು ತಲೆಯಾಡಿಸಿದರು. ಗಂಟಿನಿಂದ ಬಿಳಿಯ ಟೋಪಿ ತೆಗೆದು, ಅಂಗೈ ಮೇಲೆ ಒರಸಿ ಹಾಕಿಕೊಂಡು, ಈಗ ತೆಗೆಯಿರಿ ಎಂದರು. ವಿಳಾಸದ ಸಾಲಿನಲ್ಲಿ ಅವರು ಬರೆಸಿದ್ದು ಮಗಳ ಮನೆಯದ್ದು. ಹೀಗೆ ಕಳುಹಿಸಿದ ಲಕೋಟೆಗಳಲ್ಲಿ ಕೆಲವು ವಿಳಾಸದಾರರು ಸಿಗಲಿಲ್ಲವೆಂಬ ಮುದ್ರೆಯೊಂದಿಗೆ ಹಿಂದಕ್ಕೆ ಬರುತ್ತವೆ. ಬರಲಿ.

ಇಷ್ಟೆಲ್ಲ ಕೇಳಿದ ಮೇಲೆ ಕ್ಯಾಮೆರಾವನ್ನೇ ಚೀಲದಲ್ಲಿಟ್ಟರೆ ನೆಮ್ಮದಿ ಎಂದು ನಿಮಗನಿಸಿದರೆ, ಅದಕ್ಕೂ ನನ್ನ ತಕರಾರಿದೆ. ತೆಗೆಯದಿರುವುದು ಹಲವು ಸಲ ನೋಡದಿರುವುದೇ ಆಗಿರುತ್ತದೆ. ಭಿಕ್ಷುಕರ ಸಾಲಿನ ಮುಂದೆ ಕಣ್ಣನ್ನು ಗೋಪುರದ ಮೇಲೆ ನೆಟ್ಟು ನಡೆಯುವವರು ಯಾರ ಘನತೆಯನ್ನೂ ಕಾಪಾಡುತ್ತಿಲ್ಲ. ಬಟ್ಟಪ್ಪಾಡಿಯ ಕಡೆ ಯಾರೂ ಕ್ಯಾಮೆರಾ ತರದಿದ್ದರೆ ಮನೆ ನಂಬರಿನ ತಗಡಿನ ಚಿತ್ರವೂ ಇರುತ್ತಿರಲಿಲ್ಲ. ತೆಗೆಯಬೇಡಿ ಎಂದು ಅವರು ಹೇಳಿದಾಗ ನಿಲ್ಲಿಸಿದರೆ ಅದು ಅವರ ನಿರ್ಧಾರಕ್ಕೆ ಕೊಟ್ಟ ಗೌರವ. ಅವರನ್ನು ಕೇಳದೆಯೇ, ಬೇಸರಪಟ್ಟಾರೆಂದು ನಾವೇ ಊಹಿಸಿ ಸರಿದುಹೋದರೆ, ಅಲ್ಲಿಯೂ ನಮ್ಮ ಪಾಡಿಗೆ ನಾವೇ ಮಾತನಾಡಿಕೊಂಡಂತಾಯಿತು.

ಈಗಾಗಲೇ ಮೊಬೈಲಿನಲ್ಲಿರುವ ಚಿತ್ರಗಳನ್ನು ಏನು ಮಾಡುವುದೆಂಬ ಪ್ರಶ್ನೆ ಚೀಟಿಯಲ್ಲಿ ಬಂದಿದೆ. ಸತ್ತವರ ಮುಖ, ಗುರುತು ಸಿಗುವ ಮಕ್ಕಳ ಮುಖ, ಬೇಡವೆಂದ ಮೇಲೂ ತೆಗೆದದ್ದು, ಇವುಗಳನ್ನು ಇಟ್ಟುಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ. ಉಳಿದವನ್ನು ಅಳಿಸುವ ಅವಸರ ಬೇಡ. ಎಲ್ಲಿ, ಯಾವಾಗ, ಅಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ನೆನಪಿರುವಷ್ಟು ಬರೆದಿಡಿ. ನೆನಪಿಲ್ಲದ್ದನ್ನು ಊಹಿಸಿ ತುಂಬಿಸಬೇಡಿ, ಕಾರಿನ ಟೈರು ಮಾರಿದ ಕಥೆಗಳು ಹುಟ್ಟುವುದು ಅಲ್ಲಿಂದಲೇ. ಆ ಊರಿಗೆ ಯಾರಾದರೂ ಹೋಗುವವರಿದ್ದರೆ ಒಂದು ಪ್ರತಿಯನ್ನು ಅವರ ಕೈಯಲ್ಲಿ ಕೊಟ್ಟು ಕಳುಹಿಸಿ.

ನಿಮ್ಮ ಕೂಟದ ಚಿತ್ರ ಪ್ರದರ್ಶನ ಹತ್ತಿರ ಬರುತ್ತಿದೆ ಎಂದು ಹೇಳಿದರು. ಸುಕ್ಕುಗಟ್ಟಿದ ಮುಖಗಳ ಕಪ್ಪುಬಿಳುಪು ಚಿತ್ರಗಳು ಈ ಬಾರಿಯೂ ಬಂದೇ ಬರುತ್ತವೆ, ಬಹುಮಾನವೂ ಅವಕ್ಕೇ ಹೋಗಬಹುದು. ನನ್ನದೊಂದು ಸಲಹೆ. ಅರ್ಜಿಯಲ್ಲಿ ಕ್ಯಾಮೆರಾ, ಲೆನ್ಸು, ಶಟರ್ ವೇಗ ಕೇಳುವ ಜಾಗದ ಕೆಳಗೆ ಇನ್ನೆರಡು ಸಾಲು ಸೇರಿಸಿ: ಚಿತ್ರದಲ್ಲಿರುವವರ ಹೆಸರೇನು, ಅವರು ಈ ಚಿತ್ರವನ್ನು ನೋಡಿದ್ದಾರೆಯೇ. ಬಹಳ ಮಂದಿ ‘ಗೊತ್ತಿಲ್ಲ’, ‘ಇಲ್ಲ’ ಎಂದು ಬರೆಯುತ್ತಾರೆ. ಆ ಕಾರಣಕ್ಕೆ ಅವುಗಳನ್ನು ತಿರಸ್ಕರಿಸಬೇಡಿ. ಉಳಿದವುಗಳ ಜೊತೆಯಲ್ಲೇ ತೂಗುಹಾಕಿ, ಆ ಎರಡು ಉತ್ತರಗಳನ್ನು ಚಿತ್ರದ ಕೆಳಗೆ, ಛಾಯಾಗ್ರಾಹಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ.